ಜಾನ್-ಒನೊರೆ ಫ್ರಾಗೊನಾರ್

ಜಾನ್-ಒನೊರೆ ಫ್ರಾಗೊನಾರ್ (1732 ಏಪ್ರಿಲ್ 5 – 1806 ಆಗಸ್ಟ್ 22) ಫ್ರಾನ್ಸಿನ ಚಿತ್ರಕಾರ. ರೊಕೊಕೊ ಶೈಲಿಯ ಕೊನೆಯ ಪ್ರಮುಖ ಕಲಾವಿದರಲ್ಲಿ ಒಬ್ಬ. ಶ್ರೀಮಂತವರ್ಗದ ವಿಲಾಸ, ಪ್ರಣಯ, ಉದ್ಯಾನವಿಹಾರಗಳು ಈತನ ಚಿತ್ರಗಳ ಮುಖ್ಯ ವಸ್ತು. ಆ ವರ್ಗದ ಆಶ್ರಯದಿಂದ ಬೆಳೆದ ಈತನ ಕೀರ್ತಿ ಅದರ ಪತನದೊಂದಿಗೇ ಮರೆಯಾಯಿತು.

ಜೀವನ

ಫ್ರಾಗೊನಾರ್ ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಜನಿಸಿದ. ತಂದೆ ಕೈಗವಸು ತಯಾರಕ. ಬಾಲ್ಯದಲ್ಲೇ ಪ್ಯಾರಿಸ್ಸಿಗೆ ಬಂದ ಈತ ಶಾರ್ಡಾನ್‌ನ ಬಳಿ ಕೆಲಕಾಲ, ಅನಂತರ ಫ್ರಾನ್ಸ್ವಾ ಬೂಷೆಯ ಬಳಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದ. 1752ರಲ್ಲಿ ರೋಮ್ ಪ್ರಶಸ್ತಿ ಪಡೆದು, 1756ರಿಂದ 1761ರವರೆಗೆ ಇಟಲಿಯಲ್ಲಿದ್ದ. ಟಿವೊಲಿಯ ವಿಲ್ಲಾ ದೆಸ್ತೆಯ ಉದ್ಯಾನವನ್ನು ಅಲ್ಲಿಯೇ ಕುಳಿತು ಚಿತ್ರಿಸಿದ. ಮುಗಿಲೆತ್ತರದ ಮರಗಳ ಕೆಳಗೆ ಪುಟ್ಟದಾಗಿ ಕಾಣುವ ಮನುಷ್ಯರು ಈತನ ಮುಂದಿನ ಚಿತ್ರಗಳಲ್ಲೂ ಮತ್ತೆ ಮತ್ತೆ ಬರುತ್ತಾರೆ.

ಪ್ರಮುಖ ಕೃತಿಗಳು

1765ರಲ್ಲಿ ಗ್ರೀಕ್ ಕಥೆಯೊಂದನ್ನು ಆಧರಿಸಿದ ಬೃಹತ್ ಚಿತ್ರದಿಂದ ಈತನಿಗೆ ರಾಜಕೀಯ ಅಕಾಡೆಮಿಯ ಮನ್ನಣೆ ದೊರೆಯಿತು. ಅದನ್ನು ಅರಸನಿಗಾಗಿ ಕೊಳ್ಳಲಾಯಿತು. ಆದರೆ ಈತ ಬೇಗನೆ ಗಂಭೀರ ಐತಿಹಾಸಿಕ ವಸ್ತುಗಳನ್ನು ಬಿಟ್ಟು, ಶ್ರೀಮಂತರ ಖಾಸಗಿ ಅಪೇಕ್ಷೆಯ ಚಿತ್ರಗಳತ್ತ ಹೊರಳಿದ. ಸುಮಾರು 1767ರ 'ಉಯ್ಯಾಲೆ' ಇವುಗಳಲ್ಲಿ ಅತ್ಯಂತ ಪ್ರಸಿದ್ಧ. ಗುಲಾಬಿ ಉಡುಪಿನ ತರುಣಿ ಉಯ್ಯಾಲೆಯಲ್ಲಿ ಜೀಕುತ್ತಿದ್ದಾಳೆ. ನೆರಳಿನಲ್ಲಿ ನಿಂತ ವಯಸ್ಕ ಅದನ್ನು ತೂಗುತ್ತಿದ್ದಾನೆ. ಪೊದೆಯಲ್ಲಿ ಅಡಗಿರುವ ಪ್ರಿಯಕರ ಅವಳನ್ನೇ ನೋಡುತ್ತಿದ್ದಾನೆ. ಅವಳ ಒಂದು ಪಾದರಕ್ಷೆ ಗಾಳಿಯಲ್ಲಿ ಹಾರುತ್ತಿದೆ. ಈ ಚಿತ್ರ ಈಗ ಲಂಡನ್ನಿನ ವ್ಯಾಲೇಸ್ ಸಂಗ್ರಹದಲ್ಲಿದೆ.

1771–73ರಲ್ಲಿ ಹದಿನೈದನೆಯ ಲೂಯಿಯ ಪ್ರೇಯಸಿ ಮದಾಮ್ ದ್ಯು ಬಾರಿಯ ಲೂವ್‌ಸಿಯೆನ್ ವಿಹಾರಮಂದಿರಕ್ಕಾಗಿ 'ಪ್ರೇಮದ ಮುನ್ನಡೆ' ಎಂಬ ನಾಲ್ಕು ದೊಡ್ಡ ಚಿತ್ರಗಳನ್ನು ರಚಿಸಿದ. ಆಕೆ ಅವನ್ನು ಹಿಂದಿರುಗಿಸಿ, ನವಶಾಸ್ತ್ರೀಯ ಶೈಲಿಯ ವಿಯೆನ್ ಎಂಬಾತನ ಚಿತ್ರಗಳನ್ನು ತರಿಸಿಕೊಂಡಳು. ಅಭಿರುಚಿ ಬದಲಾಗುತ್ತಿದ್ದುದಕ್ಕೆ ಇದು ಸ್ಪಷ್ಟ ಸೂಚನೆ.

ಕೊನೆಯ ದಿನಗಳು

1789ರ ಕ್ರಾಂತಿಯಿಂದ ಆಶ್ರಯದಾತರು ಚದುರಿಹೋದರು. 1793ರಲ್ಲಿ ದ್ಯು ಬಾರಿಯ ಶಿರಚ್ಛೇದವಾಯಿತು. ಫ್ರಾಗೊನಾರ್ 1790ರಲ್ಲಿ ತಿರಸ್ಕೃತ ಚಿತ್ರಗಳೊಂದಿಗೆ ಗ್ರಾಸ್‌ಗೆ ತೆರಳಿ, ಬಂಧುವೊಬ್ಬನ ಮನೆಯಲ್ಲಿ ಅವನ್ನು ಅಳವಡಿಸಿದ. ಪ್ಯಾರಿಸ್ಸಿಗೆ ಮರಳಿದ ಮೇಲೆ, ಕ್ರಾಂತಿಯ ಪಕ್ಷದ ಚಿತ್ರಕಾರ ಜಾಕ್-ಲೂಯಿ ದಾವಿದ್‌ನ ನೆರವಿನಿಂದ ಲೂವ್ರ್ ವಸ್ತುಸಂಗ್ರಹಾಲಯದ ಆಡಳಿತದಲ್ಲಿ ಕೆಲಸ ದೊರೆಯಿತು. ಈತನ ಶೈಲಿಗೆ ಮಾತ್ರ ಬೇಡಿಕೆ ಉಳಿಯಲಿಲ್ಲ. 1806ರಲ್ಲಿ ಪ್ಯಾರಿಸ್ಸಿನಲ್ಲಿ ಬಹುಮಟ್ಟಿಗೆ ಅಜ್ಞಾತನಾಗಿ ನಿಧನ ಹೊಂದಿದ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಂಕೂರ್ ಸೋದರರ ಬರಹಗಳಿಂದ ಈತನ ಕಲೆ ಮತ್ತೆ ಗಮನ ಸೆಳೆಯಿತು. ದ್ಯು ಬಾರಿ ಬೇಡವೆಂದ ಚಿತ್ರಗಳು ಇಂದು ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿವೆ.