ಬಲಿಪೀಠದ ನಾದಸೇವಕ ಫ್ರೆಸ್ಕೊಬಾಲ್ದಿ

ಶತಮಾನೋತ್ಸವದ ಈ ಪುಣ್ಯಕಾಲದಲ್ಲಿ, ದೇವಾಲಯದ ವಾದ್ಯಸೇವೆಗೆ ಮಾರ್ಗ ತೋರಿದ ಮಹನೀಯರೊಬ್ಬರನ್ನು ಸ್ಮರಿಸುವುದು ಉಚಿತವಾಗಿದೆ.

ಜಿರೋಲಮೊ ಫ್ರೆಸ್ಕೊಬಾಲ್ದಿಯವರು 1583ರಲ್ಲಿ ಇಟಲಿಯ ಫೆರ್ರಾರ ನಗರದಲ್ಲಿ ಜನಿಸಿದರು. ಇಪ್ಪತ್ತೈದು ತುಂಬುವ ಮೊದಲೇ, 1608ರಲ್ಲಿ, ರೋಮಿನ ಸಂತ ಪೇತ್ರರ ಮಹಾದೇವಾಲಯದ ಆರ್ಗನ್ ವಾದಕರಾಗಿ ನೇಮಕಗೊಂಡರು. 1628ರಿಂದ 1634ರವರೆಗೆ ಫ್ಲಾರೆನ್ಸಿನ ಮೆದಿಚಿ ಅರಮನೆಯಲ್ಲಿದ್ದು, ಮರಳಿ ಬಂದು ಅದೇ ಸೇವೆಯಲ್ಲಿ ಮುಂದುವರಿದರು.

ಅವರ ಬೆರಳುಗಳ ಚಳಕ ಜಗದ್ವಿಖ್ಯಾತವಾಗಿತ್ತು. ಆದರೂ ಚಳಕವೇ ವಾದನವೆಂದು ಅವರು ಬಗೆಯಲಿಲ್ಲ. 1615ರ ಟೊಕಾಟಾ ಸಂಪುಟದ ಪೀಠಿಕೆಯಲ್ಲಿ, ಒಂದೇ ತಾಳಕ್ಕೆ ಕಟ್ಟುಬೀಳದೆ, ಭಾವಕ್ಕೆ ತಕ್ಕಂತೆ ಒಮ್ಮೆ ನಿಧಾನವಾಗಿ, ಒಮ್ಮೆ ತ್ವರಿತವಾಗಿ, ಒಮ್ಮೆ ತಡೆದು ನುಡಿಸಬೇಕೆಂದು ಬೋಧಿಸಿದರು. ಕೃತಿಯನ್ನು ಪೂರ್ತಿ ನುಡಿಸದೆ, ಉಚಿತವಾದೆಡೆ ನಿಲ್ಲಿಸಲೂ ಅನುಮತಿಸಿದರು.

1635ರಲ್ಲಿ ಪ್ರಕಟವಾದ ‘ಫಿಯೊರಿ ಮುಸಿಕಾಲಿ’, ಎಂದರೆ ಸಂಗೀತ ಪುಷ್ಪಗಳು, ಮೂರು ಬಲಿಪೂಜೆಗಳಿಗೆ ಬೇಕಾದ ಆರ್ಗನ್ ಕೃತಿಗಳ ಸಂಗ್ರಹ. ಪೂಜೆಗೆ ಮುನ್ನ, ಪತ್ರವಾಚನದ ತರುವಾಯ, ಪರಮಪ್ರಸಾದದ ತರುವಾಯ ಒಂದೊಂದು ಕೃತಿಯಿದೆ. ಪವಿತ್ರ ರೊಟ್ಟಿಯನ್ನು ಎತ್ತಿ ತೋರುವ ಕ್ಷಣಕ್ಕೆ ಗಂಭೀರವಾದ ವಿಳಂಬ ನಾದವಿದೆ. ಮಹಾಸಂಗೀತಗಾರ ಬಾಖ್ ಅವರೂ 1714ರಲ್ಲಿ ಇದರ ಪ್ರತಿಯನ್ನು ಹೊಂದಿದ್ದರು.

ಫ್ರೆಸ್ಕೊಬಾಲ್ದಿಯವರು 1643ರ ಮಾರ್ಚ್ 1ರಂದು ರೋಮಿನಲ್ಲಿ ದೈವಾಧೀನರಾದರು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಗಾನವೃಂದದವರು ಹಾರ್ಮೋನಿಯಂ ನುಡಿಸಲಿ, ಕೀಬೋರ್ಡ್ ನುಡಿಸಲಿ, ಈ ಬೋಧನೆ ಅವರಿಗೂ ಸಲ್ಲುತ್ತದೆ. ಗುಂಡಿ ಒತ್ತಿದೊಡನೆ ಓಡುವ ಯಂತ್ರದ ತಾಳವು ಬಲಿಪೀಠದ ಬಳಿಯ ಗುರುವಿಗಾಗಿ ಕಾಯದು. ಪರಮಪ್ರಸಾದಕ್ಕೆ ಮೆಲ್ಲನೆ ನಡೆದು ಬರುವ ಅಜ್ಜಿಗಾಗಿಯೂ ಕಾಯದು. ಕಾಯಬಲ್ಲವನು ವಾದಕನೊಬ್ಬನೇ.