ಗೇಮಿನ ಜಿಬಿ ಮತ್ತು ಕ್ಲಾಡ್ ಶಾನನ್

ಹೊಸ ಗೇಮ್ ಹಾಕ್ಲಿಕ್ಕೆ ಹೋದ್ರೆ ಸ್ಟೋರೇಜ್ ಫುಲ್. ಕನ್ಸೋಲ್ ಇರುವ ಎಲ್ಲರ ಮನೆಯಲ್ಲೂ ಇದೇ ಕಥೆ. ಪಿಎಸ್5 2020ರಲ್ಲಿ ಬಂದಾಗ ಅದರ ಎಸ್‌ಎಸ್‌ಡಿ 825 ಜಿಬಿ ಇತ್ತು. ಸಿಸ್ಟಮ್ ತನಗೆ ಬೇಕಾದಷ್ಟು ಇಟ್ಟುಕೊಂಡ ಮೇಲೆ ನಮ್ಮ ಕೈಗೆ ಸಿಗುವುದು ಸುಮಾರು 667 ಜಿಬಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನ 512 ಜಿಬಿಯಲ್ಲಿ ಸಿಗುವುದು ಸುಮಾರು 364. ಗೇಮ್‌ಗಳ ಕಡೆ ನೋಡಿದ್ರೆ, ರೆಡ್ ಡೆಡ್ ರಿಡೆಂಪ್ಷನ್ 2 ಪಿಸಿಯಲ್ಲಿ 150 ಜಿಬಿ ಜಾಗ ಕೇಳ್ತದೆ, ಬಾಲ್ಡರ್ಸ್ ಗೇಟ್ 3 ಕೂಡ ಅಷ್ಟೇ. ಜಾಗ ಉಂಟು ಅಂತಲೇ ಇಟ್ಟುಕೊಳ್ಳಿ, ಡೌನ್‌ಲೋಡ್ ಆಗ್ಬೇಕಲ್ಲ? 100 ಜಿಬಿಯ ಗೇಮ್ 20 ಎಂಬಿಪಿಎಸ್ ಲೈನಿನಲ್ಲಿ ಇಳಿಯಲಿಕ್ಕೆ 11 ಗಂಟೆ ಬೇಕು. ಪುತ್ತೂರು, ಸುಳ್ಯ, ಕಡಬದ ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಒಟ್ಟಿಗೆ 11 ಗಂಟೆ ನಿಲ್ಲುವುದು ಅಂದ್ರೆ ಅದೃಷ್ಟವೇ ಸರಿ.

ಆಗ ನಮಗೆಲ್ಲ ಬರುವ ಪ್ರಶ್ನೆ ಒಂದೇ. ಇದನ್ನು ಇನ್ನೂ ಸ್ವಲ್ಪ ಕಂಪ್ರೆಸ್ ಮಾಡಿ ಕೊಡ್ಲಿಕ್ಕೆ ಆಗುದಿಲ್ವಾ? ಎಷ್ಟರ ಮಟ್ಟಿಗೆ ಆಗ್ತದೆ, ಎಲ್ಲಿಂದ ಮುಂದೆ ಯಾರು ತಲೆಕೆಳಗಾದ್ರೂ ಆಗುದಿಲ್ಲ ಅಂತ ಗಣಿತದಲ್ಲಿ ತೋರಿಸಿಕೊಟ್ಟವರು ಒಬ್ಬರಿದ್ದಾರೆ. ಅವರ ಹೆಸರು ಕ್ಲಾಡ್ ಶಾನನ್. ನಾವೆಲ್ಲ ಹುಟ್ಟುವ ಮೊದಲೇ ತೀರಿಕೊಂಡವರು. ನಮ್ಮ ಸಿಲೆಬಸ್ಸಿನಲ್ಲಿ ಅವರು ಒಂದು ಫಾರ್ಮುಲಾದ ಹೆಸರಾಗಿ ಮಾತ್ರ ಬರ್ತಾರೆ. ಆದ್ರೆ ಅವರ ಜೀವನ ಆ ಫಾರ್ಮುಲಾಕ್ಕಿಂತ ಸ್ವಾರಸ್ಯ ಉಂಟು.

ಶಾನನ್ ಹುಟ್ಟಿದ್ದು 1916ರ ಏಪ್ರಿಲ್ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ಪೆಟೋಸ್ಕಿಯಲ್ಲಿ. ಬೆಳೆದದ್ದು ಗೇಲಾರ್ಡ್ ಎಂಬ ಸಣ್ಣ ಪೇಟೆಯಲ್ಲಿ. ಅಪ್ಪ ವ್ಯಾಪಾರಿ, ಸ್ವಲ್ಪ ಕಾಲ ನ್ಯಾಯಾಧೀಶರೂ ಆಗಿದ್ದರು. ಅಮ್ಮ ಟೀಚರ್, ಆಮೇಲೆ ಅಲ್ಲಿನ ಹೈಸ್ಕೂಲಿನ ಪ್ರಿನ್ಸಿಪಾಲ್. ಹುಡುಗನಿಗೆ ಮಾತ್ರ ಬಿಚ್ಚುವುದು, ಜೋಡಿಸುವುದು ಇದೇ ಹುಚ್ಚು. ಅರ್ಧ ಮೈಲು ದೂರದಲ್ಲಿದ್ದ ಗೆಳೆಯನ ಮನೆಗೆ ಅವನು ಟೆಲಿಗ್ರಾಫ್ ಲೈನ್ ಎಳೆದಿದ್ದ. ತಂತಿಗೆ ದುಡ್ಡು ಎಲ್ಲಿಂದ? ದಾರಿಯುದ್ದಕ್ಕೂ ಇದ್ದ ಮುಳ್ಳುತಂತಿ ಬೇಲಿಯನ್ನೇ ಲೈನ್ ಮಾಡಿಕೊಂಡ. ನಮ್ಮ ಅಡಿಕೆ ತೋಟಗಳ ಸುತ್ತ ಬೇಲಿ ಎಷ್ಟುಂಟು, ಅದರಲ್ಲಿ ಮೆಸೇಜ್ ಕಳಿಸಬಹುದು ಅಂತ ನಮಗ್ಯಾರಿಗೂ ಹೊಳೆದಿಲ್ಲ.

1936ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ, ಎರಡರಲ್ಲೂ ಡಿಗ್ರಿ ಪಡೆದರು. ಮುಂದೆ ಎಂಐಟಿಗೆ ಹೋಗಿ ವ್ಯಾನೆವರ್ ಬುಷ್ ಅವರ ಡಿಫರೆನ್ಷಿಯಲ್ ಅನಲೈಸರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅದು ಹಲ್ಲುಚಕ್ರ, ಶಾಫ್ಟುಗಳಿಂದ ತುಂಬಿದ ಕೋಣೆಯಷ್ಟು ದೊಡ್ಡ ಲೆಕ್ಕದ ಯಂತ್ರ. ಅದನ್ನು ಹಿಡಿತದಲ್ಲಿ ಇಡ್ಲಿಕ್ಕೆ ಒಂದು ರಿಲೇ ಸರ್ಕ್ಯೂಟ್ ಇತ್ತು. ರಿಲೇ ಅಂದ್ರೆ ಒಂದೋ ಆನ್, ಇಲ್ಲ ಆಫ್. ಜಾರ್ಜ್ ಬೂಲ್ ಎಂಬವರ 19ನೇ ಶತಮಾನದ ತರ್ಕದ ಗಣಿತದಲ್ಲೂ ಒಂದೋ ನಿಜ, ಇಲ್ಲ ಸುಳ್ಳು. ಎರಡೂ ಒಂದೇ ಅಲ್ವಾ ಅಂತ ಶಾನನ್‌ಗೆ ಹೊಳೆಯಿತು. 1937ರಲ್ಲಿ, 21ನೇ ವಯಸ್ಸಿನಲ್ಲಿ, ಅದನ್ನೇ ಮಾಸ್ಟರ್ಸ್ ಥೀಸಿಸ್ ಆಗಿ ಬರೆದರು. ನಾವು ಲಾಜಿಕ್ ಡಿಸೈನ್ ಲ್ಯಾಬಿನಲ್ಲಿ ಗೇಟ್ ಜೋಡಿಸಿ, ಕೆ-ಮ್ಯಾಪ್ ಹಾಕಿ ಸರ್ಕ್ಯೂಟ್ ಸಣ್ಣ ಮಾಡುವುದು ಆ ಥೀಸಿಸ್ ತೆರೆದ ದಾರಿಯಲ್ಲಿ. ನಮಗಿಂತ ಎರಡೇ ವರ್ಷ ದೊಡ್ಡ ಹುಡುಗನ ಕೆಲಸ ಅದು.

1940ರಲ್ಲಿ ಪಿಎಚ್‌ಡಿ ಮುಗಿಯಿತು, ವಿಷಯ ತಳಿಶಾಸ್ತ್ರ! 1941ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಎರಡನೇ ಮಹಾಯುದ್ಧದ ಕಾಲ, ಗುಪ್ತಲಿಪಿಯ ಕೆಲಸ ಸಿಕ್ಕಿತು. 1943ರಲ್ಲಿ ಅಲನ್ ಟ್ಯೂರಿಂಗ್ ಅಲ್ಲಿಗೆ ಬಂದಿದ್ದಾಗ ಇಬ್ಬರೂ ಕ್ಯಾಂಟೀನಿನಲ್ಲಿ ಸಿಕ್ಕಿ ಮಾತಾಡ್ತಿದ್ದರು. ಇಬ್ಬರೂ ಮಾಡ್ತಿದ್ದದ್ದು ಗುಪ್ತ ಕೆಲಸವಾದ್ದರಿಂದ ಅದರ ಬಗ್ಗೆ ಮಾತಿಲ್ಲ. ಯಂತ್ರಕ್ಕೆ ಯೋಚನೆ ಮಾಡ್ಲಿಕ್ಕೆ ಆಗ್ತದಾ ಅನ್ನುವುದೇ ಚರ್ಚೆ.

ಯುದ್ಧ ಮುಗಿದ ಮೇಲೆ, 1948ರ ಜುಲೈ ಮತ್ತು ಅಕ್ಟೋಬರದಲ್ಲಿ, ಬೆಲ್ ಲ್ಯಾಬ್ಸಿನ ಜರ್ನಲಿನಲ್ಲಿ ಶಾನನ್ ಅವರ ದೊಡ್ಡ ಪೇಪರ್ ಎರಡು ಭಾಗವಾಗಿ ಬಂತು. ಸಂವಹನದ ಗಣಿತ ಸಿದ್ಧಾಂತ ಅಂತ ಅದರ ವಿಷಯ. ಬಿಟ್ ಎಂಬ ಪದ ಅಚ್ಚಾದ ಪೇಪರಿನಲ್ಲಿ ಬಂದದ್ದು ಅದರಲ್ಲೇ. ಆ ಪದ ಸೂಚಿಸಿದ್ದು ಜಾನ್ ಟ್ಯೂಕಿ ಎಂಬ ಸಹೋದ್ಯೋಗಿ ಅಂತ ಶಾನನ್ ಅಲ್ಲೇ ಬರೆದಿದ್ದಾರೆ.

ಪೇಪರಿನ ತಿರುಳು ಇಷ್ಟು. ಮಾಹಿತಿ ಅಂದ್ರೆ ಮೊದಲೇ ಗೊತ್ತಿಲ್ಲದ್ದು. ನಾಣ್ಯ ಚಿಮ್ಮಿದ್ರೆ ಹೆಡ್ಡಾ ಟೇಲಾ ಅಂತ ತಿಳಿಯಲಿಕ್ಕೆ 1 ಬಿಟ್ ಬೇಕು. ಎರಡೂ ಕಡೆ ಹೆಡ್ಡೇ ಇರುವ ನಾಣ್ಯವಾದ್ರೆ 0 ಬಿಟ್, ಯಾಕಂದ್ರೆ ಉತ್ತರ ಮೊದಲೇ ಗೊತ್ತುಂಟು. ಕಡಬದಲ್ಲಿ ಬಸ್ಸಿಗೆ ನಿಂತಿದ್ದೇವೆ, ಬೋರ್ಡಿನ ಅರ್ಧಕ್ಕೆ ಕೆಸರು ಹಾರಿ ಸುಬ್ರಹ್ಮ ಅಂತ ಮಾತ್ರ ಕಾಣ್ತದೆ ಅಂತ ಇಟ್ಟುಕೊಳ್ಳಿ. ನಾವು ಹತ್ತುತ್ತೇವೆ, ಯಾಕಂದ್ರೆ ಉಳಿದ ಅಕ್ಷರದಲ್ಲಿ ಹೊಸ ಮಾಹಿತಿ ಇಲ್ಲ. ಅದೇ ಪು ಅಂತ ಒಂದೇ ಅಕ್ಷರ ಕಂಡ್ರೆ? ಪುತ್ತೂರಾ, ಪುಂಜಾಲಕಟ್ಟೆಯಾ ಗೊತ್ತಾಗುದಿಲ್ಲ, ಡ್ರೈವರನ್ನು ಕೇಳ್ಬೇಕು. ಊಹಿಸಬಹುದಾದ ಭಾಗ ರಿಡಂಡೆನ್ಸಿ. ಅದನ್ನು ತೆಗೆದ ಮೇಲೆ ಉಳಿಯುವುದರ ಅಳತೆ ಎಂಟ್ರೊಪಿ. ಏನೂ ಕಳೆದುಕೊಳ್ಳದೆ ಒಂದು ಫೈಲನ್ನು ಆ ಎಂಟ್ರೊಪಿಗಿಂತ ಸಣ್ಣ ಮಾಡ್ಲಿಕ್ಕೆ ಸರಾಸರಿಯಲ್ಲಿ ಸಾಧ್ಯವಿಲ್ಲ ಅಂತ ಶಾನನ್ ಸಾಬೀತು ಮಾಡಿದರು.

ಅಡಿಕೆ ಲೆಕ್ಕದಲ್ಲಿ ಹೇಳುವುದಾದ್ರೆ, ಒಣಗಿದ ಅಡಿಕೆಯನ್ನು ಸಿಪ್ಪೆ ಸಮೇತ ಗೋಣಿಗೆ ತುಂಬಿದ್ರೆ ಗೋಣಿ ಬೇಗ ತುಂಬ್ತದೆ. ಸುಲಿದು ತುಂಬಿದ್ರೆ ಅದೇ ಗೋಣಿಯಲ್ಲಿ ಜಾಸ್ತಿ ಹಿಡಿಯುತ್ತದೆ. ಆದ್ರೆ ಸುಲಿದ ಅಡಿಕೆಯನ್ನು ಇನ್ನೊಮ್ಮೆ ಸುಲಿಯಲಿಕ್ಕೆ ಆಗುದಿಲ್ಲ. ಜಿಪ್ ಮಾಡಿದ ಫೈಲನ್ನೇ ಮತ್ತೆ ಜಿಪ್ ಮಾಡಿದ್ರೆ ಸಣ್ಣ ಆಗದಿರುವುದು ಇದೇ ಕಾರಣಕ್ಕೆ.

1949ರಲ್ಲಿ ಶಾನನ್ ಮದುವೆಯಾದದ್ದು ಬೆಲ್ ಲ್ಯಾಬ್ಸಿನಲ್ಲೇ ಗಣಿತದ ಕೆಲಸ ಮಾಡ್ತಿದ್ದ ಬೆಟ್ಟಿ ಮೂರ್ ಅವರನ್ನು. ಪತ್ತೇದಾರಿ ಕಥೆಯೊಂದನ್ನು ಕೈಯಲ್ಲಿ ಹಿಡಿದು, ಮುಂದಿನ ಅಕ್ಷರ ಯಾವುದು ಹೇಳು ಅಂತ ಹೆಂಡತಿಯನ್ನು ಕೇಳುವುದು ಅವರ ಪ್ರಯೋಗವಾಗಿತ್ತು. ಹೆಚ್ಚಿನ ಅಕ್ಷರಗಳನ್ನು ಸುಲಭವಾಗಿ ಊಹಿಸಬಹುದು ಅಂತ ಕಂಡಿತು. 1951ರ ಪೇಪರಿನಲ್ಲಿ, ಇಂಗ್ಲಿಷ್ ಬರಹದ ಒಂದು ಅಕ್ಷರದಲ್ಲಿ ನಿಜವಾಗಿ ಇರುವುದು ಸುಮಾರು 1 ಬಿಟ್ ಮಾಹಿತಿ ಅಂತ ಅಂದಾಜು ಕೊಟ್ಟರು. ಕಂಪ್ಯೂಟರಿನಲ್ಲಿ ನಾವು ಸಾಮಾನ್ಯವಾಗಿ ಅದೇ ಅಕ್ಷರಕ್ಕೆ 8 ಬಿಟ್ ಜಾಗ ಕೊಡ್ತೇವೆ.

ಶಾನನ್‌ಗೆ ಸ್ಟೋರೇಜ್ ಲೆಕ್ಕದ ಆಸಕ್ತಿಯೂ ಇತ್ತು. 1949ರಲ್ಲಿ ಒಂದು ಕಾಗದದ ಮೇಲೆ ಯಾವ ವಸ್ತುವಿನಲ್ಲಿ ಎಷ್ಟು ಬಿಟ್ ಹಿಡಿಯುತ್ತದೆ ಅಂತ ಪಟ್ಟಿ ಮಾಡಿದ್ದರು. ಮನುಷ್ಯನ ಆನುವಂಶಿಕ ಮಾಹಿತಿಗೆ 1ರ ಮುಂದೆ 5 ಸೊನ್ನೆ ಹಾಕಿದ್ದರು. ಡಿಎನ್‌ಎ ರಚನೆ ಇನ್ನೂ ಗೊತ್ತಿಲ್ಲದ ಕಾಲ ಅದು, ಹಾಗಾಗಿ ಆ ಅಂದಾಜು ತುಂಬಾ ಕಡಿಮೆಯಾಯಿತು. ಪಟ್ಟಿಯ ತುದಿಯಲ್ಲಿದ್ದದ್ದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, 1ರ ಮುಂದೆ 14 ಸೊನ್ನೆಯಷ್ಟು ಬಿಟ್. ಜಿಬಿಯಲ್ಲಿ ಅದು 12,500. ಅಂದ್ರೆ 150 ಜಿಬಿಯ 83 ಗೇಮ್‌ಗಳು! ಅವರಿಗೆ ಜಗತ್ತಿನಲ್ಲೇ ದೊಡ್ಡದಾಗಿ ಕಂಡ ಮಾಹಿತಿಯ ರಾಶಿ ಇವತ್ತು ಒಬ್ಬ ಗೇಮರನ ವಿಷ್‌ಲಿಸ್ಟ್.

ಹಾಗೆ ನೋಡಿದ್ರೆ ಶಾನನ್ ಕೂಡ ಆಟದವರೇ. 1950ರಲ್ಲಿ ಕಂಪ್ಯೂಟರಿಗೆ ಚೆಸ್ ಕಲಿಸುವುದು ಹೇಗೆ ಅಂತ ಪೇಪರ್ ಬರೆದರು. ಚೆಸ್ಸಿನ ಎಲ್ಲಾ ಸ್ಥಾನಗಳನ್ನೂ ಒಂದು ನಿಘಂಟಿನ ಹಾಗೆ ಸ್ಟೋರ್ ಮಾಡಿ ಇಟ್ಟರಾಗದಾ ಅಂತ ಅದರಲ್ಲಿ ಲೆಕ್ಕ ಹಾಕಿದ್ದಾರೆ. ಬಂದ ಉತ್ತರ 1ರ ಮುಂದೆ ಸುಮಾರು 43 ಸೊನ್ನೆ. ಯಾವ ಯಂತ್ರದಲ್ಲೂ ಹಿಡಿಯುದಿಲ್ಲ. ಹಾಗಾಗಿ ಎಲ್ಲವನ್ನೂ ಇಟ್ಟುಕೊಳ್ಳುವ ಬದಲು, ಮುಂದಿನ ಕೆಲವು ನಡೆಗಳನ್ನು ಮಾತ್ರ ನೋಡಿ, ಸ್ಥಾನಕ್ಕೆ ಅಂಕ ಕೊಟ್ಟು ಆರಿಸುವ ವಿಧಾನ ಹೇಳಿದರು. ಜಾಗ ಇಲ್ಲದಿದ್ದರೆ ಲೆಕ್ಕ ಮಾಡು, ಲೆಕ್ಕಕ್ಕೆ ಸಮಯ ಇಲ್ಲದಿದ್ದರೆ ಜಾಗ ಕೊಡು. ಗೇಮ್ ಮಾಡುವವರು ಇವತ್ತಿಗೂ ಇದೇ ಲೆಕ್ಕದಲ್ಲಿ ಒದ್ದಾಡ್ತಾರೆ.

ಅದೇ ವರ್ಷ ಥೀಸಿಯಸ್ ಎಂಬ ಯಾಂತ್ರಿಕ ಇಲಿ ಮಾಡಿದರು. 25 ಚೌಕಗಳ ಒಂದು ಮೇಜ್. ಇಲಿ ಮೊದಲ ಸಲ ಗೋಡೆಗೆ ಮೂತಿ ಬಡಿದು ಬಡಿದು ದಾರಿ ಹುಡುಕ್ತದೆ, ಎರಡನೇ ಸಲ ಸೀದಾ ಗುರಿಗೆ ಹೋಗ್ತದೆ. ನೆನಪು ಇದ್ದದ್ದು ಇಲಿಯಲ್ಲಲ್ಲ, ಕೆಳಗಿದ್ದ ಸುಮಾರು 75 ರಿಲೇಗಳಲ್ಲಿ. ಪ್ರತಿ ಚೌಕಕ್ಕೆ ನಾಲ್ಕು ದಿಕ್ಕಿನಲ್ಲಿ ಒಂದು ಅಂದ್ರೆ 2 ಬಿಟ್, 25 ಚೌಕಕ್ಕೆ 50 ಬಿಟ್. ಆ ಗೇಮಿನ ಪೂರ್ತಿ ಸೇವ್ ಫೈಲ್ ಅಷ್ಟೇ.

ಶಾನನ್ ಮಿತಿ ಎಲ್ಲಿದೆ ಅಂತ ಹೇಳಿದರು, ಅಲ್ಲಿಗೆ ಮುಟ್ಟುವ ದಾರಿಯನ್ನು ಬೇರೆಯವರು ಕಂಡುಹಿಡಿದರು. 1951ರಲ್ಲಿ ಎಂಐಟಿಯ ಪ್ರೊಫೆಸರ್ ರಾಬರ್ಟ್ ಫ್ಯಾನೊ ತಮ್ಮ ಕ್ಲಾಸಿನವರಿಗೆ ಫೈನಲ್ ಎಕ್ಸಾಮ್ ಬರೆಯಿರಿ, ಇಲ್ಲ ಒಂದು ಪೇಪರ್ ಬರೆಯಿರಿ ಅಂತ ಆಯ್ಕೆ ಕೊಟ್ಟರು. ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ಪೇಪರ್ ಆರಿಸಿಕೊಂಡು, ಶಾನನ್ ಮತ್ತು ಫ್ಯಾನೊ ಅವರ ಕೋಡಿಗಿಂತ ಒಳ್ಳೆಯ ಕೋಡ್ ಕಂಡುಹಿಡಿದ. ಎಕ್ಸಾಮ್ ತಪ್ಪಿಸಲಿಕ್ಕೆ ಹೋಗಿ ಎಲ್ಲಾ ಎಂಜಿನಿಯರಿಂಗ್ ಮಕ್ಕಳ ಎಕ್ಸಾಮಿಗೆ ಒಂದು ಪ್ರಶ್ನೆ ಕೊಟ್ಟ ಪುಣ್ಯಾತ್ಮ. 1977ರಲ್ಲಿ ಲೆಂಪೆಲ್ ಮತ್ತು ಝಿವ್, ಹಿಂದೆ ಬಂದದ್ದೇ ಮತ್ತೆ ಬಂದ್ರೆ ಅದನ್ನು ಪುನಃ ಬರೆಯದೆ ಬೆರಳು ತೋರಿಸುವ ವಿಧಾನ ಕೊಟ್ಟರು. ಇವೆರಡೂ ಸೇರಿದ್ದೇ ನಮ್ಮ ಜಿಪ್ ಫೈಲ್. ಪಿಎಸ್5ನಲ್ಲಿ ಕ್ರಾಕನ್ ಎಂಬ ಕಂಪ್ರೆಷನ್ ಬಿಚ್ಚಲಿಕ್ಕೆ ಪ್ರತ್ಯೇಕ ಹಾರ್ಡ್‌ವೇರೇ ಉಂಟು. ಅಂದ್ರೆ ನಮಗೆ ಬರುವ ಗೇಮ್ ಮೊದಲೇ ಸುಲಿದ ಅಡಿಕೆ.

ಹಾಗಾದ್ರೆ ಇಷ್ಟು ದೊಡ್ಡ ಯಾಕೆ? 4096 ಗುಣಿಸು 4096 ಪಿಕ್ಸೆಲಿನ ಒಂದೇ ಒಂದು ಟೆಕ್ಸ್‌ಚರ್, ಪಿಕ್ಸೆಲಿಗೆ 4 ಬೈಟಿನಂತೆ, 64 ಎಂಬಿ ಆಗ್ತದೆ. ಕಂಪ್ರೆಸ್ ಮಾಡಿದ್ರೂ 16 ಎಂಬಿ ಸುಲಭವಾಗಿ ಉಂಟು. ಇಂಥವು ಗೇಮಿನಲ್ಲಿ ಸಾವಿರಾರು. ಒರಟು ಗೋಡೆ, ಮಣ್ಣು, ಎಲೆಗಳಲ್ಲಿ ಪಕ್ಕದ ಪಿಕ್ಸೆಲ್ ಯಾವುದು ಅಂತ ಊಹೆ ಮಾಡುವುದು ಕಷ್ಟ, ಹಾಗಾಗಿ ಎಂಟ್ರೊಪಿ ಜಾಸ್ತಿ. ಆದ್ರೆ ಎಲ್ಲಾ ಜಿಬಿಗೂ ಗಣಿತವೇ ಕಾರಣ ಅಲ್ಲ. 2014ರ ಟೈಟನ್‌ಫಾಲ್ ಪಿಸಿಯಲ್ಲಿ 48 ಜಿಬಿ ಇತ್ತು, ಅದರಲ್ಲಿ 35 ಜಿಬಿ ಬರೀ ಕಂಪ್ರೆಸ್ ಮಾಡದ ಆಡಿಯೊ. ಹಳೆಯ ಪ್ರೊಸೆಸರಿಗೆ ಬಿಚ್ಚುವ ಕೆಲಸ ಭಾರ ಆಗಬಾರದು ಅಂತ. ಹೆಲ್‌ಡೈವರ್ಸ್ 2 ಗೇಮಿನಲ್ಲಿ ಹಾರ್ಡ್‌ಡಿಸ್ಕ್ ಇರುವವರಿಗೆ ಬೇಗ ಲೋಡ್ ಆಗ್ಲಿ ಅಂತ ಒಂದೇ ಫೈಲನ್ನು ಹಲವು ಕಡೆ ನಕಲು ಮಾಡಿ ಇಟ್ಟಿದ್ದರು. 2025ರ ಕೊನೆಗೆ ಆ ನಕಲುಗಳನ್ನು ತೆಗೆದಾಗ ಸುಮಾರು 150 ಜಿಬಿ ಇದ್ದದ್ದು 23 ಜಿಬಿ ಆಯಿತು! ಮಿತಿ ಗೊತ್ತಿದ್ರೆ ಮಾತ್ರ ಯಾವುದು ತಿರುಳು, ಯಾವುದು ಸಿಪ್ಪೆ ಅಂತ ಕೇಳ್ಲಿಕ್ಕೆ ಆಗುವುದು.

ಸಿಪ್ಪೆ ಅಂದ್ರೆ ದಂಡ ಅಂತಲೂ ಅಲ್ಲ. ಗದ್ದಲ ಇರುವ ಲೈನಿನಲ್ಲಿ ತಪ್ಪಿಲ್ಲದೆ ಕಳಿಸ್ಬೇಕಾದ್ರೆ ಬೇಕೆಂದೇ ರಿಡಂಡೆನ್ಸಿ ಸೇರಿಸ್ಬೇಕು. ಪ್ರತಿ ಲೈನಿಗೂ ಒಂದು ಸಾಮರ್ಥ್ಯ ಉಂಟು, ಅದರೊಳಗೆ ಇದ್ರೆ ತಪ್ಪನ್ನು ಎಷ್ಟು ಬೇಕಾದ್ರೂ ಕಡಿಮೆ ಮಾಡಬಹುದು ಅಂತಲೂ ಅದೇ 1948ರ ಪೇಪರ್ ಹೇಳ್ತದೆ. ಜಡಿಮಳೆಯಲ್ಲಿ ನಿಂತು ನಿಂತು ಇಳಿದ 100 ಜಿಬಿ ಗೇಮ್ ಕೊನೆಗೆ ಸರಿಯಾಗಿ ಓಪನ್ ಆಗುವುದರ ಹಿಂದೆ ಆ ವಿಚಾರ ಉಂಟು.

ಇಷ್ಟೆಲ್ಲ ಹೆಸರು ಬಂದ ಮೇಲೂ ಶಾನನ್ ದೊಡ್ಡ ಮನುಷ್ಯರ ಹಾಗೆ ಬದುಕಲಿಲ್ಲ. 1956ರಲ್ಲಿ ಎಂಐಟಿಗೆ ಬಂದರು. ಎಲ್ಲರೂ ಎಲ್ಲದಕ್ಕೂ ತನ್ನ ಸಿದ್ಧಾಂತ ಅಂಟಿಸುವುದನ್ನು ನೋಡಿ, ಅದೇ ವರ್ಷ ಒಂದು ಪುಟ್ಟ ಲೇಖನ ಬರೆದು, ಸ್ವಲ್ಪ ತಡೆಯಿರಿ ಅಂತ ಎಚ್ಚರಿಸಿದರು. ಒಂದೇ ಚಕ್ರದ ಸೈಕಲ್ ಓಡಿಸುವುದು, ಚೆಂಡು ಎಸೆದು ಹಿಡಿಯುವುದು, ರೋಮನ್ ಅಂಕಿಯಲ್ಲಿ ಲೆಕ್ಕ ಮಾಡುವ ಯಂತ್ರ, ಬೆಂಕಿ ಉಗುಳುವ ತುತ್ತೂರಿ, ಹೀಗೆ ಮನೆ ತುಂಬಾ ಆಟಿಕೆ. 1985ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಸಮ್ಮೇಳನಕ್ಕೆ ಹೇಳದೆ ಕೇಳದೆ ಹೋದಾಗ ಆಟೋಗ್ರಾಫಿಗೆ ಸಾಲು ನಿಂತಿತ್ತು. ಅವರು ಭಾಷಣದ ನಡುವೆ ಚೆಂಡು ಹಾರಿಸಿ ತೋರಿಸಿದರು.

ಆ ಹೊತ್ತಿಗೆ ಮರೆವು ಶುರುವಾಗಿತ್ತು. ಅದು ಆಲ್ಝೈಮರ್ಸ್. ಬರಬರುತ್ತಾ ಕಾಯಿಲೆ ಹೆಚ್ಚಾಗಿ 1993ರಲ್ಲಿ ಆರೈಕೆ ಕೇಂದ್ರಕ್ಕೆ ಸೇರಿಸ್ಬೇಕಾಯಿತು. ಇಂಟರ್ನೆಟ್ ಮನೆಮನೆಗೆ ಬಂದ ವರ್ಷಗಳವು. ಎಲ್ಲರ ಬಾಯಲ್ಲೂ ಬಿಟ್, ಬೈಟ್. ಆದ್ರೆ ತನ್ನ ಕೆಲಸದಿಂದ ಏನಾಗಿದೆ ಅಂತ ನೋಡಿ ಖುಷಿಪಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ. 2000ದ ಅಕ್ಟೋಬರದಲ್ಲಿ ಗೇಲಾರ್ಡಿನಲ್ಲಿ ಅವರ ಪ್ರತಿಮೆ ಇಟ್ಟರು. 2001ರ ಫೆಬ್ರವರಿ 24ರಂದು ಶಾನನ್ ತೀರಿಕೊಂಡರು, 84 ವರ್ಷ ಆಗಿತ್ತು.

ಅವರ 1948ರ ಪೇಪರ್ ಇವತ್ತು ಯಾರಿಗೆ ಬೇಕಾದ್ರೂ ಸಿಗ್ತದೆ, ಪ್ರತಿಗಳು ಎಷ್ಟುಂಟು ಅಂತ ಲೆಕ್ಕ ಇಲ್ಲ. ಬೇಲಿ ತಂತಿಯಲ್ಲಿ ಬಂದ ಮೊದಲ ಟಕ್ ಟಕ್ ಹೇಗೆ ಕೇಳಿಸಿತ್ತು ಅನ್ನುವುದು ಮಾತ್ರ ಅವರ ತಲೆಯಲ್ಲಿ ಒಂದೇ ಪ್ರತಿ ಇತ್ತು, ಅದು ಹೋಯಿತು. ಕನ್ಸೋಲಿನಲ್ಲೂ ಹಾಗೆಯೇ. 150 ಜಿಬಿಯ ಗೇಮ್ ಲಕ್ಷಾಂತರ ಮನೆಯಲ್ಲಿ ಬಿಟ್ಟಿಗೆ ಬಿಟ್ ಒಂದೇ. ಅದನ್ನು ಡಿಲೀಟ್ ಮಾಡಿದ್ರೆ ಹೋಗುವುದು ಒಂದು ರಾತ್ರಿಯ ನೆಟ್ಟು ಮಾತ್ರ. ಕೆಲವೇ ಎಂಬಿಯ ಸೇವ್ ಫೈಲ್ ಉಂಟಲ್ಲ, ಅದು ನಮ್ಮದು, ಬೇರೆ ಎಲ್ಲೂ ಇಲ್ಲ. ಸ್ಟೋರೇಜ್ ಫುಲ್ ಅಂತ ಬಂದಾಗ ದೊಡ್ಡದನ್ನು ಧೈರ್ಯದಿಂದ ತೆಗೆಯಿರಿ. ಸಣ್ಣದನ್ನು ಮೊದಲು ಬ್ಯಾಕಪ್ ಮಾಡಿ ಇಡಿ.