ಲೆಕ್ಕವನ್ನು ಆಟವಾಗಿಸಿದ ಮಹಾವೀರಾಚಾರ್ಯರು

ಹತ್ತನೆಯ ತರಗತಿ ಮುಗಿದ ಮೇಲೆ ನನ್ನ ಗೆಳತಿಯರಲ್ಲಿ ಮೂವರು ಗಣಿತವಿಲ್ಲದ ವಿಷಯಗಳನ್ನೇ ಹುಡುಕಿ ಆರಿಸಿಕೊಂಡರು. ಆ ವಿಷಯಗಳ ಮೇಲಿನ ಪ್ರೀತಿಯಿಂದ ಹೋಗಿದ್ದರೆ ನನಗೂ ಸಂತೋಷವೇ. ಆದರೆ ಅವರು ಹೋದದ್ದು ಲೆಕ್ಕದ ಹೆದರಿಕೆಯಿಂದ. ಹೀಗೆ ಹೆದರುವವರಿಗಾಗಿಯೇ ನಮ್ಮ ಕನ್ನಡನಾಡಿನ ಒಬ್ಬ ಹಳೆಯ ಗಣಿತಜ್ಞರನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ.

ಅವರೇ ಮಹಾವೀರಾಚಾರ್ಯರು. 9ನೆಯ ಶತಮಾನದ ಈ ಜೈನ ವಿದ್ವಾಂಸರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದರು. ಕನ್ನಡ ತರಗತಿಯಲ್ಲಿ ‘ಕವಿರಾಜಮಾರ್ಗ’ದ ಜೊತೆಗೆ ನಾವು ಕೇಳುವ ನೃಪತುಂಗನೇ ಆತ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆಗಿನ ರಾಜಧಾನಿ ಮಾನ್ಯಖೇಟ.

ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ 9 ಅಧ್ಯಾಯಗಳು, ಸಾವಿರಕ್ಕೂ ಹೆಚ್ಚು ಶ್ಲೋಕಗಳು. ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಖಗೋಳದ ನಡುವೆ ಕೆಲವು ಅಧ್ಯಾಯಗಳಾಗಿ ಬರುತ್ತದೆ. ಇವರದು ಪೂರ್ತಿ ಗಣಿತದ ಪುಸ್ತಕ. ವ್ಯಾಪಾರ, ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವುದು, ಗ್ರಹಣದ ಲೆಕ್ಕ, ಎಲ್ಲದಕ್ಕೂ ಗಣಿತ ಬೇಕೆಂದು ಅವರು ಆರಂಭದಲ್ಲೇ ಹೇಳುತ್ತಾರೆ.

ಅದೇ ಶತಮಾನದಲ್ಲಿ ಬಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಇದ್ದರು. ಅವರ ಗ್ರಂಥದ ಹೆಸರಿನಲ್ಲಿರುವ ಅಲ್-ಜಬ್ರ್ ಎಂಬ ಪದದಿಂದಲೇ ಆಲ್ಜೀಬ್ರಾ ಎಂಬ ಹೆಸರು ಬಂದಿತು. ವಾರಸುದಾರರಿಗೆ ಆಸ್ತಿ ಹಂಚುವ ಲೆಕ್ಕಗಳು ಆ ಗ್ರಂಥದ ದೊಡ್ಡ ಭಾಗ. ಇಬ್ಬರ ಪುಸ್ತಕಗಳಲ್ಲೂ ಜನರು ದಿನವೂ ಎದುರಿಸುವ ಕೊಡು-ಕೊಳ್ಳುವ ಲೆಕ್ಕಗಳಿವೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಮಹಾವೀರಾಚಾರ್ಯರ ಒಂದು ಒಗಟು ಕೇಳಿ. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲ ಸಿಗುತ್ತದೆ. ಈ ಚೀಲ ನನಗೆ ಸಿಕ್ಕರೆ ನನ್ನ ಹಣ ನಿಮ್ಮಿಬ್ಬರ ಒಟ್ಟು ಹಣದ 2 ಪಟ್ಟಾಗುತ್ತದೆ ಎನ್ನುತ್ತಾನೆ ಮೊದಲನೆಯವನು. ನನಗೆ ಸಿಕ್ಕರೆ 3 ಪಟ್ಟು ಎನ್ನುತ್ತಾನೆ ಎರಡನೆಯವನು. ನನಗಾದರೆ 5 ಪಟ್ಟು ಎನ್ನುತ್ತಾನೆ ಮೂರನೆಯವನು. ಹಾಗಾದರೆ ಯಾರ ಬಳಿ ಎಷ್ಟಿತ್ತು? ಚೀಲದಲ್ಲಿ ಎಷ್ಟಿತ್ತು? ಕಡ್ಲಿಬೀಜ ಇಟ್ಟುಕೊಂಡು ಮನೆಯ ಮಕ್ಕಳ ಜೊತೆ ಆಡಿ ನೋಡಿ. ಉತ್ತರ ಕೊನೆಯಲ್ಲಿದೆ.

ಈಗ ಕ್ಯಾಲ್ಕುಲೇಟರ್ ಇಲ್ಲದೆ 139ನ್ನು 109ರಿಂದ ಗುಣಿಸಿ. 15151 ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ 11111111. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವರು ಕೊರಳಹಾರಕ್ಕೆ ಹೋಲಿಸಿದರು. ಗುಣಾಕಾರದ ಬೇಸರವನ್ನು ಅಚ್ಚರಿಯಾಗಿ ಬದಲಿಸುವ ಉಪಾಯವಿದು.

ಇನ್ನೊಂದು ಲೆಕ್ಕ ಅಡುಗೆಮನೆಯದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಹೀಗೆ 6 ರುಚಿಗಳು. ಒಂದೊಂದಾಗಿ, ಎರಡೆರಡು ಸೇರಿಸಿ, ಹೀಗೆ ಆರೂ ಸೇರುವವರೆಗೆ ಎಷ್ಟು ಬಗೆ? 6, 15, 20, 15, 6, 1, ಒಟ್ಟು 63. ಪ್ರಥಮ ಪಿಯುಸಿಯಲ್ಲಿ ನಾವು ಸೂತ್ರ ಬಾಯಿಪಾಠ ಮಾಡುವ ವಿಕಲ್ಪಗಳ ಪಾಠ ಇದೇ. ಅದರ ಸಾಮಾನ್ಯ ಸೂತ್ರವನ್ನು ಅವರು ಆಗಲೇ ಕೊಟ್ಟಿದ್ದರು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಹೇಳಿದ್ದರು. ಮುಂದೆ ಗಣಿತಜ್ಞರು ಅದಕ್ಕಾಗಿಯೇ ಊಹಾ ಸಂಖ್ಯೆಗಳನ್ನು ಕಟ್ಟಬೇಕಾಯಿತು.

ಅವರು ಹೇಳಿದ್ದೆಲ್ಲ ಸರಿ ಎಂದಲ್ಲ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದರು. ಆ ಭಾಗಾಕಾರಕ್ಕೆ ಅರ್ಥವೇ ಇಲ್ಲ ಎಂಬುದು ಇಂದು ನಮಗೆ ಗೊತ್ತು. ಇಷ್ಟು ದೊಡ್ಡ ಪಂಡಿತರೇ ಸೊನ್ನೆಯ ಮುಂದೆ ಎಡವಿದ್ದಾರೆಂದರೆ, ಕರಿಹಲಗೆಯ ಮುಂದೆ ಒಂದು ಲೆಕ್ಕ ತಪ್ಪಿದ್ದಕ್ಕೆ ನಾವೇಕೆ ಗಣಿತವನ್ನೇ ಬಿಡಬೇಕು?

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದರು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. 2000ದಲ್ಲಿ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂತು.

ನಮ್ಮ ಕುಲಗೋಡಿನವರು ಹೆಮ್ಮೆಪಡುವ ಮಾತೊಂದಿದೆ. 12ನೆಯ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನ ಊರು ಪೂವಿನಬಾಗೆ. ಅದು ನಮ್ಮ ನೆರೆಯ ರಾಯಬಾಗವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗಣಿತ ಎಲ್ಲೋ ದೂರದಿಂದ ಬಂದ ವಿದ್ಯೆಯಲ್ಲ, ನಮ್ಮ ನೆಲದಲ್ಲೂ ಬೆಳೆದದ್ದು.

ಗೆಳೆಯ ಗೆಳತಿಯರೇ, ಯಾವ ವಿಭಾಗದಲ್ಲೇ ಓದುತ್ತಿರಿ, ವಾರಕ್ಕೊಂದು ಒಗಟು ಬಿಡಿಸಿ. ಬರದಿದ್ದರೆ ಪಕ್ಕದವರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಉತ್ತರ: ಮೂವರ ಬಳಿ ಕ್ರಮವಾಗಿ 1, 3, 5 ನಾಣ್ಯ, ಚೀಲದಲ್ಲಿ 15. ಇವುಗಳ ದುಪ್ಪಟ್ಟು, ಮುಪ್ಪಟ್ಟು ತೆಗೆದುಕೊಂಡರೂ ಸರಿಹೋಗುತ್ತದೆ. ಅದು ಹೇಗೆಂದು ನೀವೇ ತಾಳೆ ನೋಡಿ.